ಅವ್ವನಿಗೆ ತಂದುಕೊಟ್ಟ ಹಾಲಿನ ಕವರು

ನಮ್ಮ ಕಡೆ ನನ್ನನ್ನು ಕಸದ ಗಾಡಿಯವಳು ಎನ್ನುತ್ತಾರೆ. ಅದರಲ್ಲಿ ಬೇಜಾರೇನಿಲ್ಲ, ನಾನು ಓಡಿಸುವುದು ಕಸದ ಗಾಡಿಯನ್ನೇ. ನಾಗಮಂಗಲ ತಾಲ್ಲೂಕಿನಲ್ಲಿ, ಬೆಳ್ಳೂರು ಕ್ರಾಸಿಗೆ ಹತ್ತಿರವಿರುವ ನಮ್ಮ ಪಂಚಾಯ್ತಿಗೆ ಒಣಕಸ ಎತ್ತುವ ಆಟೋ ಬಂದಾಗ, ಮಹಿಳಾ ಸಂಘದಿಂದ ಯಾರು ಡ್ರೈವಿಂಗ್ ಕಲಿಯುತ್ತೀರಿ ಎಂದು ಕೇಳಿದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ನಾನು ನಗಲಿಲ್ಲ, ಕೈ ಎತ್ತಿದೆ. ಆಮೇಲೆ ಹಸಿರು ಕೋಟು ಬಂತು, ಸ್ಪೀಕರು ಬಂತು. ಬಾಯಿ ಮೊದಲೇ ಇತ್ತು.

ಕಸ ಕೊಡದೆ ಹಿತ್ತಲಲ್ಲಿ ಸುಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಾಡಿ ನಿಲ್ಲಿಸಿ, ಇಳಿದು ಹೋಗಿಯೇ ಬಯ್ಯುತ್ತಿದ್ದೆ.

"ಅಲ್ಲ ಕಣಕ್ಕ, ಕವರ್ ಸುಟ್ರೆ ಆ ವಿಷ ಎಲ್ಗೋಯ್ತದೆ? ನಿನ್ ಮೊಮ್ಮಕ್ಳು ಕುಡೀಬೇಕಾ ಅದ್ನ?"

"ಓಗ್ ತಾಯಿ, ದೊಡ್ ಕಲೆಕ್ಟ್ರು ಬಂದ್ಬುಟ್ಳು," ಎಂದು ಮೂಗು ಮುರಿಯುತ್ತಿದ್ದರು. ಮುರಿದರೂ ಕೊನೆಗೆ ಚೀಲ ತಂದು ಗಾಡಿಗೆ ಹಾಕುತ್ತಿದ್ದರು.

ಇಷ್ಟೆಲ್ಲ ಮಾತಾಡುತ್ತಿದ್ದ ನಾನು ನಮ್ಮ ಮನೆಯ ಬಚ್ಚಲಲ್ಲಿ ಏನು ಉರಿಯುತ್ತಿತ್ತು ಎಂಬುದನ್ನು ಆಗ ಯಾರಿಗೂ ಹೇಳುತ್ತಿರಲಿಲ್ಲ. ಅದನ್ನು ಬರೆಯಲೆಂದೇ ಈಗ ಕೂತಿದ್ದೇನೆ.

ನಾನು ಒಬ್ಬಳೇ ಮಗಳು. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡ. ನನ್ನ ಗಂಡ ಮನೆ ಅಳಿಯನಾಗಿ ಬಂದು, ಇದ್ದ ರಾಗಿ ಹೊಲ, ಒಂದಷ್ಟು ತೆಂಗಿನಮರ, ಎರಡು ಹಸು ನೋಡಿಕೊಂಡ. ಅವ್ವ ಊರಿನ ಹಸುಗೂಸುಗಳಿಗೆ ನೀರು ಹುಯ್ಯುತ್ತಿದ್ದಳು. ಯಾರ ಮನೆಯಲ್ಲಿ ಹೆರಿಗೆಯಾದರೂ, ಬಾಣಂತಿ ಆಸ್ಪತ್ರೆಯಿಂದ ಬಂದ ದಿನವೇ ಅವ್ವನಿಗೆ ಕರೆ ಬರುತ್ತಿತ್ತು. ಅಲ್ಲಿಂದ ಮೂರು ತಿಂಗಳು ದಿನಾ ಬೆಳಿಗ್ಗೆ ಹೋಗಬೇಕು. ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತು, ಸೀರೆ ಮೇಲೆ ಸರಿಸಿ, ಎರಡೂ ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು, ಹರಳೆಣ್ಣೆ ತಿಕ್ಕಿ, ಹದವಾದ ಬಿಸಿನೀರು ಹುಯ್ಯುವುದು. ಅಂಗಾತ ತಿರುಗಿಸಿ ಮೂಗು ತೀಡುವುದು, ತಲೆಯನ್ನು ಮೆಲ್ಲಗೆ ಒತ್ತಿ ದುಂಡಗೆ ಮಾಡುವುದು, ಕೈಕಾಲು ಮಡಚಿ ಬಿಡಿಸುವುದು. ಆಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಆ ಹೊಗೆಯ ಮೇಲೆ ಮಗುವನ್ನು ಆಡಿಸಿ, ಹಳೇ ಸೀರೆಯ ಬಟ್ಟೆಯಲ್ಲಿ ಸುತ್ತಿ ಬಾಣಂತಿಯ ಮಡಿಲಿಗೆ ಹಾಕುವುದು. ಬಟ್ಟೆಯಲ್ಲಿ ಸುತ್ತುವಷ್ಟರಲ್ಲಿ ಮಗು ನಿದ್ದೆ ಹೋಗಿರುತ್ತಿತ್ತು.

ನಮ್ಮ ಬೀದಿಯಲ್ಲಿ ಅವ್ವನ ಕಾಲ ಮೇಲೆ ಮಲಗದೆ ದೊಡ್ಡವರಾದವರು ಕಡಿಮೆ. ಮೀಸೆ ಬಂದ ಹುಡುಗರು ಬೈಕಿನಲ್ಲಿ ರೊಯ್ಯನೆ ಹೋದರೆ ಅವ್ವ ಜಗಲಿಯ ಮೇಲಿಂದಲೇ ಕೂಗುತ್ತಿದ್ದಳು: "ನಿಧಾನುಕ್ಕೋಗ್ಲಾ ಲೇ! ಆ ಮೂಗ ತೀಡಿ ನಿಲ್ಸಿರೋಳು ನಾನು ಕಣ್ಲಾ, ಬಿದ್ದು ಚಪ್ಪಟೆ ಮಾಡ್ಕೊಂಡ್ ಬಂದೀಯ!" ಹುಡುಗರು ನಾಚಿಕೊಂಡು ಗಾಡಿ ನಿಧಾನ ಮಾಡುತ್ತಿದ್ದರು.

ಅವ್ವನಿಗೆ ಒಂದೇ ಒಂದು ಆಸೆ ಉಳಿದಿತ್ತು. ನನ್ನ ಮಗಳನ್ನು ಅಕ್ಕಿಹೆಬ್ಬಾಳಿಗೆ ಕೊಟ್ಟಿದ್ದೆವು. ಅವಳು ಹಬ್ಬಕ್ಕೆ ಬಂದಾಗಲೆಲ್ಲ ಅವ್ವ ಅವಳ ಹೊಟ್ಟೆ ಕಡೆ ನೋಡಿ, "ಏನವ್ವಾ, ಇನ್ನೂ ಇಲ್ವಾ? ನಿನ್ ಮಗೀಗೆ ನೀರುಯ್ಯಗಂಟ ನಾ ಸಾಯಾಕಿಲ್ಲ ನೋಡು. ಬ್ಯಾಗ ಆಗ್ಲಿ," ಎನ್ನುತ್ತಿದ್ದಳು. ಮಗಳು ಅಜ್ಜಿಯನ್ನು ತಬ್ಬಿಕೊಂಡು, "ಅಂಗಾದ್ರೆ ನಾನ್ ಎರೋದೇ ಇಲ್ಲ ಬುಡಜ್ಜಿ, ನೀನು ನೂರ್ ವರ್ಷ ಇರು," ಎಂದು ರೇಗಿಸುತ್ತಿದ್ದಳು.

ಮಗುವಿನ ನೀರು ಕಾಯಿಸುವುದನ್ನು ಅವ್ವ ಬೇರೆಯವರಿಗೆ ಬಿಡುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಬಚ್ಚಲಿನ ಹಂಡೆ ಒಲೆಗೆ ತಾನೇ ಉರಿ ಹಾಕಬೇಕು. ಮೊದಲೆಲ್ಲ ಒಂದು ಚೂರು ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಹತ್ತಿಸುತ್ತಿದ್ದಳು. ಸೊಸೈಟಿಯಲ್ಲಿ ಸೀಮೆಎಣ್ಣೆ ಕೊಡುವುದು ನಿಂತ ಮೇಲೆ ಊರಿನ ಹೆಂಗಸರೆಲ್ಲ ಒಲೆ ಹಚ್ಚಲು ಪ್ಲಾಸ್ಟಿಕ್ ಹಿಡಿದರು. ತೆಂಗಿನ ಮಟ್ಟೆ, ಸಿಪ್ಪೆ ಬೇಕಾದಷ್ಟಿದ್ದರೂ ಅವು ಕಡ್ಡಿ ಗೀರಿದ ಕೂಡಲೇ ಹತ್ತುವುದಿಲ್ಲ. ಒಂದು ಕವರು ತಿರುಚಿ, ಬೆಂಕಿ ತಾಕಿಸಿ ಒಳಗೆ ಇಟ್ಟರೆ ಅದು ಕರಗಿ ತೊಟ್ಟಿಕ್ಕುತ್ತಾ ಬಹಳ ಹೊತ್ತು ಉರಿಯುತ್ತದೆ. ಅಷ್ಟರಲ್ಲಿ ಹಸಿ ಸೌದೆಯೂ ಹತ್ತಿಕೊಳ್ಳುತ್ತದೆ.

ಆದರೆ ಅವ್ವನದು ಮಡಿ ಜಾಸ್ತಿ. ಸಿಕ್ಕ ಸಿಕ್ಕ ಪ್ಲಾಸ್ಟಿಕ್ಕನ್ನು ಮಗುವಿನ ನೀರಿನ ಒಲೆಗೆ ಹಾಕುವವಳಲ್ಲ. ಗುಟ್ಕಾ ಚೀಟಿ, ಗೊಬ್ಬರದ ಚೀಲ, ಔಷಧಿ ಹೊಡೆಯುವ ಡಬ್ಬದ ಚೂರು, ಕಪ್ಪು ಕ್ಯಾರಿಬ್ಯಾಗು ಯಾವುದನ್ನೂ ಮುಟ್ಟಳು. ಹಸು ಇಲ್ಲದ ಮನೆಗಳಿಂದ ಕೇಳಿ ತಂದ ಹಾಲಿನ ಕವರು ಮಾತ್ರ. ಅದನ್ನೂ ಹಾಗೇ ಹಾಕುವುದಿಲ್ಲ. ಎರಡು ನೀರಿನಲ್ಲಿ ತೊಳೆದು, ಬಟ್ಟೆ ಒಣಗಿಸುವ ತಂತಿಯ ಮೇಲೆ ನೇತುಹಾಕಿ, ಒಣಗಿದ ಮೇಲೆ ಮಡಚಿ ಜೋಡಿಸಿಟ್ಟು, ಬೆಳಿಗ್ಗೆ ಹೊರಡುವಾಗ ನಾಲ್ಕು ಕವರು ಮಡಿಲಿಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದಳು.

"ಆಲು ಇದ್ದದ್ದು ಕಣವ್ವ ಇದ್ರಲ್ಲಿ. ಆಲಿಗ್ಯಾವ ದೋಸ? ಮಗೀಗೆ ಉಯ್ಯೋ ನೀರು, ಕಂಡಿದ್ದೆಲ್ಲ ಆಕಿ ಕಾಯ್ಸಾಕಾಯ್ತದಾ?" ಎನ್ನುತ್ತಿದ್ದಳು.

ಹೊಗೆಗೆ ಹೆದರುವುದು ನಮ್ಮಲ್ಲಿ ಇರಲೇ ಇಲ್ಲ. ಮಗುವಿಗೆ ಶೀತವಾದರೆ ಓಮ ಮತ್ತು ಬೆಳ್ಳುಳ್ಳಿ ಸಿಪ್ಪೆಯ ಹೊಗೆ, ದೃಷ್ಟಿಯಾದರೆ ಮೆಣಸಿನಕಾಯಿ ಹೊಗೆ, ದಿನಾ ಸಾಂಬ್ರಾಣಿ. ಬಚ್ಚಲಿನ ಸಣ್ಣ ಗವಾಕ್ಷಿಯಿಂದ ಹೊರಗೆ ಹೋಗಲಾರದೆ ಹೊಗೆ ಅಲ್ಲೇ ಸುತ್ತುತ್ತಿದ್ದರೆ, ಬೆಚ್ಚಗಿದೆ ಎಂದು ಬಾಣಂತಿಯರು ಸಂತೋಷಪಡುತ್ತಿದ್ದರು. ಅವ್ವ ಊದುಗೊಳವೆ ಹಿಡಿದು ಒಲೆಯ ಬಾಯಿಗೆ ಮುಖವಿಟ್ಟು ಊದುತ್ತಿದ್ದಳು, ಕೆಮ್ಮುತ್ತಿದ್ದಳು, ಮತ್ತೆ ಊದುತ್ತಿದ್ದಳು. ಕೆಮ್ಮಿಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಇಬ್ಬನಿ ಎಂದರು, ನೀರಲ್ಲಿ ಕೈಯಾಡಿಸುವವಳಿಗೆ ಶೀತ ಇದ್ದೇ ಇರುತ್ತದೆ ಎಂದರು.

ನಾನು ಗಾಡಿಗೆ ಸೇರಿದ ಮೊದಲನೇ ವರ್ಷ ಶ್ರೀರಂಗಪಟ್ಟಣದ ಹತ್ತಿರ ನಮಗೆ ಒಂದು ದಿನದ ತರಬೇತಿ ಇಟ್ಟಿದ್ದರು. ಪಾಂಡವಪುರ, ಕೆ.ಆರ್. ಪೇಟೆ ಕಡೆಯಿಂದಲೂ ನನ್ನಂಥ ಹೆಂಗಸರು ಬಂದಿದ್ದರು. ಪ್ಲಾಸ್ಟಿಕ್ಕನ್ನು ಯಾಕೆ ಸುಡಬಾರದು, ಸುಟ್ಟರೆ ಎದೆಗೆ, ರಕ್ತಕ್ಕೆ, ಬಸುರಿಯರಿಗೆ ಏನೇನಾಗುತ್ತದೆ ಎಂದು ಒಬ್ಬ ಮೇಡಂ ಚೆನ್ನಾಗಿ ಹೇಳಿದರು. ಪರದೆಯ ಮೇಲೆ ಟೈರು, ಪೈಪು, ಕಪ್ಪು ಕವರುಗಳ ಚಿತ್ರ ಬಂತು. ಹಾಲಿನ ಕವರಿನ ಚಿತ್ರ ಬರಲಿಲ್ಲ. ನಾನು ಕೈ ಎತ್ತಿ ಕೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ಊಟ ಬಂತು. ಅಡಿಕೆ ಹಾಳೆಯ ತಟ್ಟೆಯಲ್ಲಿ ಬಡಿಸಿ, ಕುಡಿಯಲು ಅಂಗೈಯಷ್ಟು ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಕೊಟ್ಟರು. ಪಕ್ಕದಲ್ಲಿ ಕೂತಿದ್ದ ಪಾಂಡವಪುರದವಳು ಆ ಬಾಟಲಿ ಎತ್ತಿ ಹಿಡಿದು, "ಇವನ್ನ ಎತ್ಕೊಂಡೋಗೋಕೂ ನಾವೇ ಬರ್ಬೇಕೇನೋ," ಎಂದಳು. ಎಲ್ಲರೂ ನಕ್ಕೆವು. ನಗುವಿನಲ್ಲಿ ನನ್ನ ಪ್ರಶ್ನೆ ಹೋಯಿತು.

ಹೋಯಿತು ಎನ್ನುವುದು ಸುಳ್ಳು. ಮಧ್ಯಾಹ್ನವೂ ಕೇಳಬಹುದಿತ್ತು. ಸಂಜೆ ಬಸ್ಸಿಗೆ ಮೊದಲು ಎಲ್ಲರೂ ಹೊಳೆಯ ದಂಡೆಗೆ ಹೋಗಿ, ಅಸ್ಥಿ ಬಿಡಲು ಬಂದವರು ಕಲ್ಲಿನ ಸಂದಿಯಲ್ಲಿ ಬಿಟ್ಟುಹೋದ ಕುಂಕುಮ ಮೆತ್ತಿದ ಕವರುಗಳನ್ನು ನೋಡಿಕೊಂಡು ನಿಂತಿದ್ದಾಗ ಆ ಮೇಡಂ ನನ್ನ ಪಕ್ಕದಲ್ಲೇ ಇದ್ದರು. ಆಗಲೂ ಕೇಳಲಿಲ್ಲ. ಅವರು ಏನು ಹೇಳುತ್ತಾರೆಂದು ಒಳಗೊಳಗೇ ಗೊತ್ತಿತ್ತು. ಕೇಳಿಬಿಟ್ಟರೆ ಮನೆಗೆ ಹೋಗಿ ಅವ್ವನ ಜೊತೆ ಜಗಳ ಆಡಬೇಕಾಗುತ್ತದೆ ಎಂದು ಸುಮ್ಮನಾದೆ.

ಸುಮ್ಮನಿದ್ದಿದ್ದರೂ ಒಂದು ರೀತಿ ಆಗುತ್ತಿತ್ತು. ಅದಕ್ಕಿಂತ ಮುಂದೆ ಹೋದೆ. ಆ ವರ್ಷ ಮಳೆ ಜೋರಾಗಿ ಹಿಡಿಯಿತು. ಸೌದೆಯೆಲ್ಲ ನೆನೆದು, ಒಂದು ಒಲೆಗೆ ಎರಡು ಕವರು ಸಾಲದೆ ಐದಾರು ಬೇಕಾಯಿತು. ಅವ್ವ ಮನೆಯಲ್ಲಿದ್ದ ಕವರು ಮುಗಿದುಹೋಗಿ ಪರದಾಡುತ್ತಿದ್ದಳು. ಆಗ ಬೀದಿಯಲ್ಲಿ ಎರಡು ಮನೆಯಲ್ಲಿ ಬಾಣಂತಿಯರಿದ್ದರು, ಬೆಳ್ಳೂರಿನಲ್ಲಿ ಒಂದು ಸಾಬರ ಮನೆಯಿಂದಲೂ ಕರೆ ಬಂದಿತ್ತು. ನನ್ನ ಗಾಡಿಯಲ್ಲಿ ಪ್ರತಿದಿನ ಚೀಲಗಟ್ಟಲೆ ಹಾಲಿನ ಕವರು ಬೀಳುತ್ತಿತ್ತು. ಶೆಡ್ಡಿನಲ್ಲಿ ವಿಂಗಡಿಸುವಾಗ ಒಂದು ಚೀಲ ಪಕ್ಕಕ್ಕಿಟ್ಟು ಮನೆಗೆ ತಂದೆ.

"ಇವು ಒಳ್ಳೇ ಕವರ್ ಕಣವ್ವ. ಕರೀ ಕವರ್ ಮಾತ್ರ ಮುಟ್ಬ್ಯಾಡ, ಅದು ವಿಷ. ಇದ್ರಲ್ಲಿ ಏನೂ ಆಗಾಕಿಲ್ಲ," ಎಂದೆ.

ತರಬೇತಿ ಪಡೆದವಳು, ಸರ್ಟಿಫಿಕೇಟು ಗೋಡೆಗೆ ಹಾಕಿಸಿಕೊಂಡವಳು ಆಡಿದ ಮಾತು ಇದು. ಅವ್ವನ ಮುಖ ಅರಳಿತು. ಮಗಳು ಇಷ್ಟು ಅನುಕೂಲ ಮಾಡಿಕೊಟ್ಟಳಲ್ಲ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು. ಅಲ್ಲಿಂದ ಮಳೆಗಾಲವೆಂದರೆ ಚೀಲ ತರುವುದು ರೂಢಿಯಾಯಿತು. ಮಳೆಗಾಲ ಕಳೆದ ಮೇಲೂ ತಂದೆ. ಬೀದಿಯಲ್ಲಿ ಪರರಿಗೆ ಬಯ್ಯುತ್ತಾ, ಸಂಜೆ ನಮ್ಮವ್ವನ ಬಚ್ಚಲಿಗೆ ಕವರು ಹೊರುತ್ತಾ ಮೂರು ವರ್ಷ ಕಳೆದೆ. ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಮೊದಲು ಅವ್ವನಿಗೆ ನಮ್ಮ ಮನೆಯ ಮೆಟ್ಟಿಲು ಕಷ್ಟವಾಯಿತು. ಇರುವುದೇ ಮೂರು ಮೆಟ್ಟಿಲು. ಎರಡನೆಯದರಲ್ಲಿ ನಿಂತು, ಏನೋ ಮರೆತವಳಂತೆ ಹಿಂದೆ ತಿರುಗಿ ಬೀದಿ ನೋಡುತ್ತಿದ್ದಳು. ಉಸಿರು ತೆಗೆದುಕೊಳ್ಳುತ್ತಿದ್ದಾಳೆ ಎಂದು ನನಗೆ ಹೊಳೆಯಲು ವಾರಗಳೇ ಬೇಕಾದವು. ಆಮೇಲೆ ಮಾತು ತುಂಡಾಯಿತು. ಅರ್ಧ ವಾಕ್ಯ ಆಡಿ ನಿಲ್ಲಿಸಿ, ಉಳಿದರ್ಧವನ್ನು ಮತ್ತೊಂದು ಉಸಿರಿನಲ್ಲಿ ಹೇಳುತ್ತಿದ್ದಳು. ಒಂದು ದಿನ ಪಕ್ಕದ ಬೀದಿಯ ಮನೆಯಲ್ಲಿ ನೀರು ಹುಯ್ಯುತ್ತಿದ್ದಾಗ ಚೊಂಬು ಕೈಯಿಂದ ಜಾರಿತಂತೆ. ಮಗುವಿಗೆ ಏನೂ ಆಗಲಿಲ್ಲ. ಅವ್ವ ಆ ಮಗುವನ್ನು ತಾಯಿಯ ಕೈಗೆ ಕೊಟ್ಟು, ಗೋಡೆ ಹಿಡಿದುಕೊಂಡು ಮನೆಗೆ ಬಂದು ಮಲಗಿದಳು. ತುಟಿ ನೀಲಿ ತಿರುಗಿತ್ತು.

ನಾನು ಗಾಡಿಯ ಕೆಲಸದಿಂದ ನೇರವಾಗಿ ಬಂದು ಅವಳನ್ನು ನಾಗಮಂಗಲದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕೋಟು ಬಿಚ್ಚುವಷ್ಟು ವ್ಯವಧಾನ ಇರಲಿಲ್ಲ. ಡಾಕ್ಟರು ಎದೆ ನೋಡಿದರು, ಬೆನ್ನು ನೋಡಿದರು. ಒಂದು ಸಣ್ಣ ಮೆಷಿನ್ನಿನ ಕೊಳವೆ ಬಾಯಿಗೆ ಕೊಟ್ಟು ಜೋರಾಗಿ ಊದಿ ಎಂದರು. ಬದುಕೆಲ್ಲ ಒಲೆ ಊದಿದವಳು ಮೂರು ಸಲ ಊದಿದರೂ ಡಾಕ್ಟರಿಗೆ ಬೇಕಾದಷ್ಟು ಗಾಳಿ ಬರಲಿಲ್ಲ. ಅವ್ವ ತಪ್ಪು ಮಾಡಿದ ಮಗುವಿನ ಹಾಗೆ ನನ್ನ ಕಡೆ ನೋಡಿದಳು.

"ಬೀಡಿ ಗೀಡಿ ಅಭ್ಯಾಸ ಇದೆಯಾ?"

"ಥೂ, ಇಲ್ಲ ಸಾ," ಅವ್ವ ಅಂದಳು.

"ಸೌದೆ ಒಲೆನಾ? ಏನು ಹಾಕಿ ಉರಿಸ್ತೀರಿ?"

ನಾನು ನೆಲ ನೋಡಿದೆ. ಅವ್ವನೇ ಹೇಳಿದಳು. ಉಸಿರು ಎಳೆದುಕೊಂಡು, ಎರಡು ಸಲ ನಿಲ್ಲಿಸಿ, ಹೆಮ್ಮೆಯಿಂದ ಹೇಳಿದಳು: "ಕಂಡಕಂಡದ್ದು ಆಕಾಕಿಲ್ಲ ಸಾ. ನನ್ ಮಗ್ಳು ಕಸದ್ ಗಾಡೀಲಿ ಅವ್ಳೆ. ಒಳ್ಳೇ ಆಲಿನ್ ಕವರು... ಆರ್ಸಿ ಆರ್ಸಿ ತಂದ್ಕೊಡ್ತಾಳೆ."

ಡಾಕ್ಟರು ನನ್ನ ಹಸಿರು ಕೋಟನ್ನು ನೋಡಿದರು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ಎಲ್ಲಾ ಕವರೂ ಒಂದೇ ಅಮ್ಮಾ," ಎಂದರು. "ಸುಟ್ಟರೆ ಹಾಲಿನ ಕವರೂ ವಿಷಾನೇ. ಮುಚ್ಚಿದ ಬಚ್ಚಲಲ್ಲಿ ಬರೀ ಸೌದೆ ಹೊಗೆ ಕುಡಿದರೇ ಎದೆ ಕೆಡುತ್ತೆ. ಅದರ ಜೊತೆಗೆ ಇದು ಬೇರೆ. ಯಾವುದರಿಂದ ಎಷ್ಟು ಕೆಟ್ಟಿತು ಅಂತ ಈಗ ಬಿಡಿಸಿ ಹೇಳೋಕಾಗಲ್ಲ. ಹೋದದ್ದು ವಾಪಸ್ ಬರಲ್ಲ, ಉಳಿದಿರೋದನ್ನ ಉಳಿಸಿಕೊಳ್ಳೋಣ." ಬಾಯಿಗಿಟ್ಟು ಔಷಧಿ ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು, ಒಲೆಯ ಹತ್ತಿರ ಹೋಗಲೇಬೇಡಿ ಎಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿ ಪಕ್ಕ ಕೂತಿದ್ದಳು. ನಾನು ತಪ್ಪಾಯಿತು ಎನ್ನಬೇಕೆಂದು ಮಾತು ಜೋಡಿಸುತ್ತಿದ್ದೆ. ಅವಳೇ ನನ್ನ ಮೊಣಕೈ ಮುಟ್ಟಿ ಕೇಳಿದಳು.

"ಅಂಗಾದ್ರೆ ಆ ಮಕ್ಳು?"

"ಯಾವ್ ಮಕ್ಳವ್ವ?"

"ನಾನ್ ನೀರುಯ್ದೋವು. ಅವೂ ಅದೇ ಒಗೆ ಕುಡುದ್ವಲ್ಲ."

ತನ್ನ ಎದೆಯ ವಿಷಯ ಅವಳಿಗೆ ನೆನಪೇ ಇರಲಿಲ್ಲ.

ಮಾರನೇ ದಿನದಿಂದ ಅವ್ವ ಮನೆ ಮನೆಗೆ ಹೊರಟಳು. ಬೇಡವೆಂದು ಎಷ್ಟು ಬಡಿದುಕೊಂಡರೂ ಕೇಳಲಿಲ್ಲ. ಹತ್ತು ಹೆಜ್ಜೆಗೊಮ್ಮೆ ನಿಂತು, ಯಾರದೋ ಜಗಲಿಯ ಮೇಲೆ ಕೂತು, ಮತ್ತೆ ಎದ್ದು, ತಾನು ನೀರು ಹುಯ್ದ ಮಕ್ಕಳಿರುವ ಮನೆಗೆಲ್ಲ ಹೋದಳು. ಮಗುವನ್ನು ಹತ್ತಿರ ಕರೆದು, ಅಂಗಿ ಎತ್ತಿಸಿ, ಎದೆಗೆ ಕಿವಿಯಿಟ್ಟು ಕೇಳುತ್ತಿದ್ದಳಂತೆ. "ಕೆಮ್ತದಾ? ರಾತ್ರಿ ಗೊರಗೊರ ಅಂತದಾ?" ಜನ ಮೊದಲು ನಕ್ಕರು. ಅಜ್ಜಿ ಡಾಕ್ಟರ್ ಆಗಿಬಿಟ್ಟಿತಲ್ಲ ಎಂದರು. ಯಾಕೆ ಕೇಳುತ್ತಿದ್ದಾಳೆಂದು ಗೊತ್ತಾದ ಮೇಲೆ ಕೆಲವರು ಸುಮ್ಮನಾದರು. ಕೆಲವರು ಸುಮ್ಮನಾಗಲಿಲ್ಲ. "ಮೊದ್ಲೇ ಏಳ್ಬಾರ್ದಿತ್ತಾ," ಎಂದು ಒಬ್ಬಳು ಮುಖಕ್ಕೇ ಅಂದಳು. ಅವಳ ಹಿತ್ತಲಲ್ಲಿ ಅವಳೇ ಎಷ್ಟು ಸಲ ಚಪ್ಪಲಿ, ಚೀಲ ಸುಟ್ಟಿದ್ದಾಳೆ ಎಂದು ನನಗೆ ಗೊತ್ತಿತ್ತು. ಮೊದಲಿನ ಹಾಗಿದ್ದರೆ ನಾನು ಅಲ್ಲೇ ಬೀದಿ ರಂಪ ಮಾಡುತ್ತಿದ್ದೆ. ಅವತ್ತು ನನಗೆ ಬಾಯಿ ತೆರೆಯುವ ಮುಖ ಇರಲಿಲ್ಲ.

ಕೊನೆಗೆ ಬೆಳ್ಳೂರಿನ ಆ ಸಾಬರ ಮನೆಗೂ ಹೋಗಲೇಬೇಕೆಂದು ಹಟ ಹಿಡಿದಳು. ನಾನೇ ಕರೆದುಕೊಂಡು ಹೋದೆ. ಆ ಮನೆಯ ಯಜಮಾನ ಗೂಡ್ಸ್ ಟೆಂಪೋ ಓಡಿಸುತ್ತಾನೆ. ಅವನ ಹೆಂಡತಿ ಬಾಗಿಲಲ್ಲೇ ಅವ್ವನ ಕೈ ಹಿಡಿದುಕೊಂಡಳು.

"ಯಾ ಅಲ್ಲಾ! ಏನಮ್ಮಾ ಇಷ್ಟು ಇಳ್ದೋಗ್ಬಿಟ್ರಿ? ಬನ್ನಿ, ಕೂತ್ಕೊಳ್ಳಿ."

ಆ ಮಳೆಗಾಲದಲ್ಲಿ ಅವ್ವ ನೀರು ಹುಯ್ದ ಹೆಣ್ಣುಮಗುವಿಗೆ ಈಗ ಮೂರು ದಾಟಿತ್ತು. ಒಳಗಿನಿಂದ ಓಡಿಬಂತು. ಕಿಟಕಿಯ ಕಟ್ಟೆಯ ಮೇಲೆ, ಬಾಚಣಿಗೆಯ ಪಕ್ಕದಲ್ಲಿ, ಅವ್ವನಿಗೆ ಡಾಕ್ಟರು ಕೊಟ್ಟಂಥದೇ ಒಂದು ಪಂಪು ಇತ್ತು. ಅವ್ವ ಅದನ್ನು ನನಗಿಂತ ಮೊದಲು ನೋಡಿದಳು.

"ಅದು ಯಾರ್ದವ್ವ?"

"ಈ ಮುನ್ನೀದೇ ಅಮ್ಮಾ. ಮಳೆ ಬಂದ್ರೆ ದಮ್ಮು ಇದಕ್ಕೆ. ಇದ್ರ ಅಪ್ಪಾಗೂ ಚಿಕ್ಕೋರಿದ್ದಾಗ ಇತ್ತಂತೆ, ಅಲ್ಲಿಂದ ಬಂದಿರ್ಬೋದು ಅಂದ್ರು ಡಾಕ್ಟ್ರು."

ಅವ್ವ ಆ 'ಅಲ್ಲಿಂದ' ಎಂಬುದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ನಿಮ್ಮಟ್ಟೀಲಿ ನೀರ್ ಕಾಯ್ಸುವಾಗ ನಾನು ಕವರ್ ಆಕ್ತಿದ್ದೆ ಕಣವ್ವ. ಅದು ವಿಷವಂತೆ. ನಂಗೆ ಗೊತ್ತಿರ್ಲಿಲ್ಲ," ಎಂದಳು.

ಆ ತಾಯಿ ಮಗುವಿನ ತಲೆ ಸವರಿದಳು. "ನಾನೂ ತಾನೇ ಅಮ್ಮಾ ಕವರು ತೊಳ್ದು ತೊಳ್ದು ಎತ್ತಿಟ್ಟು ಕೊಟ್ಟಿದ್ದು. ನಂಗೂ ಗೊತ್ತಿರ್ಲಿಲ್ಲ," ಎಂದಳು. ಚಾ ತಂದಿಟ್ಟಳು. ಅವ್ವ ಕುಡಿಯಲಿಲ್ಲ. ಹೊರಡುವಾಗ ಆ ಹುಡುಗಿ ಅವ್ವನ ಸೆರಗು ಹಿಡಿದು ಜಗ್ಗಿತು. ಅವ್ವ ಸೆರಗು ಬಿಡಿಸಿಕೊಂಡಳು. ಅವಳು ಒಂದು ಮಗುವಿನ ಕೈ ಬಿಡಿಸಿಕೊಂಡದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆ ಮಗುವಿನ ದಮ್ಮಿಗೆ ಅವ್ವನ ಒಲೆ ಕಾರಣವೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮ ಡಾಕ್ಟರನ್ನು ಕೇಳಿದೆ. ಹಾಗೆಲ್ಲ ಬೆರಳಿಟ್ಟು ಹೇಳಲಾಗದು ಎಂದರು. ಇರಬಹುದು ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಅವ್ವ ತಾನೇ ತೀರ್ಪು ಕೊಟ್ಟುಕೊಂಡಳು. ಆಮೇಲೆ ಯಾರು ಕರೆದರೂ ನೀರು ಹುಯ್ಯಲು ಹೋಗಲಿಲ್ಲ. ಕರೆಯುವವರೂ ಕಡಿಮೆಯಾದರು.

ನಾನು ಮಾಡಬಹುದಾದದ್ದನ್ನು ಮಾಡಿದೆ. ಮನೆಯ ಹಂಡೆ ಒಲೆ ಒಡೆಸಿ, ಬಚ್ಚಲಿಗೆ ದೊಡ್ಡ ಕಿಟಕಿ ಇಡಿಸಿದೆ. ಬೀದಿಯಲ್ಲಿ ಈಗ ಬಯ್ಯುವುದಿಲ್ಲ. ನಮ್ಮವ್ವನ ವಿಷಯ ಹೇಳುತ್ತೇನೆ. ಬಯ್ಗುಳಕ್ಕಿಂತ ಅದನ್ನು ಜನ ಹೆಚ್ಚು ಕೇಳುತ್ತಾರೆ. ಕವರನ್ನು ಗಾಡಿಗೆ ಕೊಟ್ಟರೆ ಸಾಲದು, ಬರುವುದೇ ಕಡಿಮೆಯಾಗಬೇಕು ಎಂದು ಸಂಘದಲ್ಲಿ ಗಂಟಲು ಹರಿದುಕೊಂಡೆ. ನಮ್ಮದು ಅರ್ಧಕ್ಕರ್ಧ ಮನೆಗಳಲ್ಲಿ ಹಸು ಇರುವ ಊರು. ಬೆಳಿಗ್ಗೆ ಕ್ಯಾನು ತುಂಬಿಸಿ ಡೈರಿಗೆ ಹಾಲು ಹಾಕಿ ಬಂದು, ಹಸು ಇಲ್ಲದ ಪಕ್ಕದ ಮನೆಯವರು ಅಂಗಡಿಯಿಂದ ಕವರಿನ ಹಾಲು ತರುವುದನ್ನು ಜಗಲಿಯ ಮೇಲೆ ಕೂತು ನೋಡುತ್ತಿದ್ದೆವು. ಈಗ ನಮ್ಮ ಬೀದಿಯಲ್ಲಿ ಬಹಳ ಮನೆಗಳಿಗೆ ಹಾಲು ಚೊಂಬಿನಲ್ಲೇ ಹೋಗುತ್ತದೆ. ಕ್ರಾಸಿನ ಹೋಟೆಲಿನವನನ್ನು ದಿನಾ ಕಾಡಿದೆ. ಕುದಿಯುವ ಸಾಂಬಾರನ್ನು ಕವರಿಗೆ ಸುರಿದು ರಬ್ಬರ್ ಹಾಕುವುದನ್ನು ನೋಡಿದರೆ ನನಗೆ ತಡೆಯುತ್ತಿರಲಿಲ್ಲ. "ಪಾತ್ರೆ ತನ್ನಿ ಅಂದ್ರೆ ಗಿರಾಕಿ ಮುಂದಿನ್ ಅಂಗ್ಡಿಗೋಯ್ತಾರೆ ಕಣಕ್ಕ," ಎನ್ನುತ್ತಿದ್ದ. ಈಗ ಪಾತ್ರೆ ತಂದವರಿಗೆ ಒಂದು ಸೌಟು ಜಾಸ್ತಿ ಹಾಕುತ್ತಾನೆ. ತರದವರಿಗೆ ಕವರೇ. ನನ್ನ ಗಾಡಿ ಇನ್ನೂ ತುಂಬಿಯೇ ಬರುತ್ತದೆ. ಗೆದ್ದೆ ಎಂದು ನಾನು ಯಾವತ್ತೂ ಹೇಳಲಾರೆ.

ಆ ಚಳಿಗಾಲದಲ್ಲಿ ನನ್ನ ಮಗಳು ಬಾಣಂತನಕ್ಕೆ ಬಂದಳು. ಗಂಡುಮಗು. ಆಸ್ಪತ್ರೆಯಿಂದ ಬಂದ ದಿನ, ಮೊದಲ ನೀರು ಅಜ್ಜಿಯೇ ಹುಯ್ಯಬೇಕೆಂದು ಮಗಳು ಕಾದಿದ್ದಳು. ನಾನು ಗ್ಯಾಸಿನಲ್ಲಿ ನೀರು ಕಾಯಿಸಿ, ಬಕೆಟ್ಟಿಗೆ ತೋಡಿ, ಮಣೆ ಹಾಕಿಟ್ಟೆ. ಅವ್ವ ಬಚ್ಚಲ ಬಾಗಿಲವರೆಗೆ ಬಂದು ನಿಂತಳು. ಸೆರಗನ್ನು ನಾಲ್ಕು ಮಡಿಕೆ ಮಾಡಿ ಬಾಯಿ ಮೂಗಿಗೆ ಒತ್ತಿಕೊಂಡಿದ್ದಳು.

"ಬಾರವ್ವ. ಚೊಂಬು ನಾನ್ ಎತ್ತಿ ಕೊಡ್ತೀನಿ, ನೀನು ಕಾಲ್ ಮೇಲೆ ಮಲಗ್ಸಿಕೊಂಡ್ರೆ ಸಾಕು," ಎಂದೆ.

ಅವ್ವ ತಲೆಯಾಡಿಸಿದಳು. "ನೀನೇ ಉಯ್ಯಿ. ನಾನ್ ಇಲ್ಲಿಂದ ಏಳ್ಕೊಡ್ತೀನಿ."

ಮಗಳು ಅತ್ತಳು. "ಅಜ್ಜೀ, ಒಂದ್ಸಲ ಮುಟ್ಟಜ್ಜಿ," ಎಂದಳು. ಅವ್ವ ನನ್ನನ್ನು ಹತ್ತಿರ ಕರೆದು, ಮಗಳಿಗೆ ಕೇಳದ ಹಾಗೆ ಕೇಳಿದಳು.

"ನನ್ನೊಳ್ಗೆ ತುಂಬ್ಕೊಂಡದಲ್ಲ ಆ ಒಗೆ... ನಾನ್ ಉಸುರ್ ಬುಟ್ರೆ ಮಗೀಗೆ ತಗುಲ್ತದಾ?"

"ಇಲ್ಲ ಕಣವ್ವ! ಏನೂ ಆಗಾಕಿಲ್ಲ, ಬಾ," ಎಂದೆ.

ಅವ್ವ ನನ್ನ ಮುಖವನ್ನೇ ನೋಡಿದಳು. ಏನೂ ಆಗುವುದಿಲ್ಲ ಎಂಬ ಮಾತನ್ನು ನನ್ನ ಬಾಯಿಂದ ಅವಳು ಮೊದಲೇ ಒಂದು ಸಲ ನಂಬಿದ್ದಳು. ಡಾಕ್ಟರಿಗೆ ಫೋನು ಮಾಡಿ ಕೊಟ್ಟೆ. ಅವರೂ ಹೇಳಿದರು. ಹ್ಞೂಂ ಹ್ಞೂಂ ಎಂದು ಕೇಳಿಸಿಕೊಂಡು ಫೋನು ನನಗೆ ಕೊಟ್ಟಳು, ಹೊಸಲು ದಾಟಲಿಲ್ಲ.

ಹೀಗೆ ಒಂದು ತಿಂಗಳು ನಡೆಯಿತು. ನಾನು ಕಾಲು ಚಾಚಿ ಕೂತು ನೀರು ಹುಯ್ಯುತ್ತಿದ್ದೆ. ಅವ್ವ ಬಾಗಿಲಲ್ಲಿ ಸೆರಗು ಮುಚ್ಚಿಕೊಂಡು ನಿಂತು, "ಕತ್ತು ಇಡ್ಕೊ... ಕಿವೀಗ್ ಬೀಳ್ದಂಗೆ... ಮೂಗು ಮ್ಯಾಲಿಂದ ತೀಡು," ಎಂದು ತುಂಡು ತುಂಡಾಗಿ ಹೇಳುತ್ತಿದ್ದಳು. ನನ್ನ ಕೈಗೆ ಅವಳ ಹದ ಬರಲಿಲ್ಲ. ಮಗು ದಿನಾ ಕಿರುಚುತ್ತಿತ್ತು.

ಅವ್ವ ಹಾಸಿಗೆ ಹಿಡಿಯುವುದಕ್ಕೆ ಎರಡು ದಿನ ಮುಂಚೆ ಇರಬೇಕು, ಹಾಸಿಗೆ ಹಿಡಿದವಳು ಮತ್ತೆ ಏಳಲಿಲ್ಲ. ಅವತ್ತು ಮಧ್ಯಾಹ್ನ ಮಗಳು ಊಟಕ್ಕೆ ಕೂತಿದ್ದಳು, ಮಗು ನಡುಮನೆಯಲ್ಲಿ ಮಲಗಿತ್ತು. ನಾನು ಗಾಡಿ ನಿಲ್ಲಿಸಿ ಬಂದು ಕೈಕಾಲು ತೊಳೆದು ಒಳಗೆ ಬರುತ್ತಿದ್ದೆ. ಅವ್ವ ಮಗುವಿನಿಂದ ಎರಡು ಮಾರು ದೂರದಲ್ಲಿ, ಗೋಡೆಗೆ ಒರಗಿ ನಿಂತಿದ್ದಳು. ನನ್ನನ್ನು ನೋಡಲಿಲ್ಲ. ಕಣ್ಣು ಮುಚ್ಚಿ, ಭುಜ ಎತ್ತಿ, ಇರುವ ಶಕ್ತಿಯನ್ನೆಲ್ಲ ಹಾಕಿ ಉಸಿರು ಎಳೆದುಕೊಂಡಳು. ಬಾಯಿ ಬಿಗಿಯಾಗಿ ಮುಚ್ಚಿದಳು. ಮಗುವಿನ ಹತ್ತಿರ ಬಂದು ಬಗ್ಗಿ, ಅದರ ಪಾದವನ್ನು ಅಂಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಅಂಗಾಲನ್ನು ಒಂದು ಸಲ, ಎರಡು ಸಲ ತೀಡಿದಳು. ಅವಳ ಕುತ್ತಿಗೆಯ ನರ ಉಬ್ಬಿ ಮುಖ ಕಪ್ಪಾಗುತ್ತಿತ್ತು. ಮಗು ಅಳಲಿಲ್ಲ. ಆಮೇಲೆ ಪಾದ ಬಿಟ್ಟು, ಗೋಡೆ ಹಿಡಿದು ಹಿತ್ತಲ ಬಾಗಿಲವರೆಗೆ ಹೋಗಿ, ಹೊಸಲಿನಾಚೆ ಮುಖ ಚಾಚಿ ಉಸಿರು ಬಿಟ್ಟಳು.